ಹೊರಗೆ ಬೋರ್ಡು, ಒಳಗೆ ಪಾಠ: ‘ಮ್ಯಾನಿಫೆಸ್ಟೇಶನ್’ ವಿಚಾರ, ವಚನ ಮತ್ತು ನಮ್ಮ ಗಡಿಯ ಕನ್ನಡ

(ವಿಭಾಗದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಬೇಕೆಂದೇ ಪೂರ್ತಿ ತಿದ್ದಿಲ್ಲ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉತ್ತರದ ಜೊತೆ ಸೇರಿಸಿದ್ದೇನೆ.)

ನಾನು ನಿಲಂಗಾದ ನಮ್ಮ ಮನೆಯಿಂದಲೇ ಮಾತಾಡ್ತಾ ಇದ್ದೀನಿ. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಚಾಟ್‌ನಲ್ಲಿ ಹೇಳ್ರಿ, ಅಲ್ಲಿಂದಲೇ ಮತ್ತೆ ಹಿಡಕೊಳ್ತೀನಿ.

ಒಳಗಿನ ನಂಬಿಕೆ ಹೊರಗಿನ ವಾಸ್ತವವನ್ನು ರೂಪಿಸುತ್ತದೆಯೇ? ರೂಪಿಸುವುದಾದರೆ ಯಾವ ದಾರಿಯಿಂದ? ಇದು ನನ್ನ ಪ್ರಶ್ನೆ. ಸಾಹಿತ್ಯದ ವಿದ್ಯಾರ್ಥಿಗೆ ಇದು ಯಾಕೆ ಬೇಕು ಅಂತ ಕೇಳಬಹುದು. ಎರಡು ಕಾರಣ ಇವೆ. ಒಂದು, ನಮ್ಮ ಹಾಸ್ಟೆಲಿನಲ್ಲಿ ‘ಮ್ಯಾನಿಫೆಸ್ಟ್ ಮಾಡು’ ಅನ್ನೋ ಮಾತು ಈಗ ‘ಊಟ ಆಯ್ತಾ’ ಅನ್ನೋಷ್ಟು ಸಲೀಸಾಗಿ ಓಡಾಡ್ತದ. ನೆಟ್ ಪರೀಕ್ಷೆ ಹತ್ತಿರ ಬಂತೋ, ಮ್ಯಾನಿಫೆಸ್ಟ್ ಮಾಡು. ಮನೆಯಲ್ಲಿ ಮದುವೆ ಮಾತು ತೆಗೆದರೋ, ಮ್ಯಾನಿಫೆಸ್ಟ್ ಮಾಡು. ವಹಿಯಲ್ಲಿ ಬೆಳಿಗ್ಗೆ 3 ಸಲ, ಮಧ್ಯಾಹ್ನ 6 ಸಲ, ರಾತ್ರಿ 9 ಸಲ ‘ನನಗೆ ಕೆಲಸ ಸಿಕ್ಕಿದೆ’ ಅಂತ ಬರೆಯುವ ರೂಢಿ ಕೂಡ ರೀಲ್ಸ್ ನೋಡಿ ಬಂದದ್ದೇ. ಕೇಂಬ್ರಿಡ್ಜ್ ನಿಘಂಟಿನವರು 2024ರ ವರ್ಷದ ಪದ ಅಂತ ಆರಿಸಿದ್ದು ಇದೇ ‘ಮ್ಯಾನಿಫೆಸ್ಟ್’ ಪದವನ್ನು. ಎರಡನೆಯ ಕಾರಣ ನಮ್ಮ ಊರಿಗೆ ಸಂಬಂಧಪಟ್ಟದ್ದು. ನಮ್ಮ ಕಡೆ ಒಂದು ನಂಬಿಕೆ ಮನೆಮನೆಯೊಳಗೆ ಕೂತು ಒಂದು ಭಾಷೆಯ ಹಣೆಬರಹವನ್ನೇ ಬದಲಿಸುತ್ತಾ ಇದೆ. ಅದನ್ನು ಹತ್ತಿರದಿಂದ ನೋಡಿದವರಿಗೆ ‘ನಂಬಿಕೆಗೆ ಶಕ್ತಿ ಇಲ್ಲ’ ಅಂತ ಹೇಳಲಿಕ್ಕೆ ಬಾಯಿ ಬರೋದಿಲ್ಲ.

ಮೊದಲು ಆ ತತ್ವ ಏನು ಹೇಳುತ್ತದೆ ಅಂತ ನ್ಯಾಯವಾಗಿ ಹೇಳಿಬಿಡ್ತೀನಿ. ಹೊರಗೆ ನಡೆಯುವುದೆಲ್ಲ ಒಳಗಿನ ಸ್ಥಿತಿಯ ಪ್ರತಿಬಿಂಬ. ಬಡತನ ಬಡತನದ ಭಾವನೆಯಿಂದ ಬರುತ್ತದೆ, ಸಮೃದ್ಧಿ ಸಮೃದ್ಧಿಯ ಭಾವನೆಯಿಂದ. ಬೇಕಾದದ್ದು ಈಗಾಗಲೇ ಸಿಕ್ಕಿದೆ ಅಂತ ನಂಬಿ, ಆ ಸುಖವನ್ನು ಈಗಲೇ ಅನುಭವಿಸಿದರೆ, ಹೊರಗಿನ ಜಗತ್ತು ಅದಕ್ಕೆ ತಕ್ಕಂತೆ ಜರುಗುತ್ತದೆ. ಇದರ ಬೇರು 19ನೆಯ ಶತಮಾನದ ಅಮೆರಿಕದಲ್ಲಿದೆ. ಫಿನಿಯಸ್ ಕ್ವಿಂಬಿ (1802–1866) ಅನ್ನೋ ಗಡಿಯಾರ ಮಾಡುವವನು ರೋಗದ ಮೂಲ ತಪ್ಪು ನಂಬಿಕೆಯಲ್ಲಿದೆ ಅಂತ ಹೇಳಿ ಚಿಕಿತ್ಸೆ ಕೊಡಲು ಶುರುಮಾಡಿದ. ಅಲ್ಲಿಂದ ‘ನ್ಯೂ ಥಾಟ್’ ಅನ್ನೋ ಪಂಥ ಬೆಳೆಯಿತು. 1906ರಲ್ಲಿ ವಿಲಿಯಂ ವಾಕರ್ ಅಟ್ಕಿನ್ಸನ್ ಆಕರ್ಷಣೆಯ ನಿಯಮದ ಮೇಲೆ ಪುಸ್ತಕ ಬರೆದ. 1937ರಲ್ಲಿ ನೆಪೋಲಿಯನ್ ಹಿಲ್ ಅದನ್ನು ದುಡ್ಡಿನ ಕಡೆ ತಿರುಗಿಸಿದ. ಬಾರ್ಬಡೋಸ್‌ನಲ್ಲಿ ಹುಟ್ಟಿದ ನೆವಿಲ್ ಗೊಡಾರ್ಡ್ ಕಲ್ಪನೆಯೇ ದೇವರು ಅನ್ನೋ ಮಟ್ಟಕ್ಕೆ ಒಯ್ದ. 2006ರಲ್ಲಿ ರೋಂಡಾ ಬರ್ನ್ ಅವರ ‘ದಿ ಸೀಕ್ರೆಟ್’ ಚಲನಚಿತ್ರವಾಗಿ, ಪುಸ್ತಕವಾಗಿ ಬಂದು ಜಗತ್ತೆಲ್ಲ ಹರಡಿತು.

ಇಲ್ಲೊಂದು ತಮಾಷೆ ಇದೆ. ‘ಇದೆಲ್ಲ ನಮ್ಮ ಋಷಿಗಳು ಮೊದಲೇ ಹೇಳಿದ್ದು, ಯದ್ಭಾವಂ ತದ್ಭವತಿ’ ಅಂತ ನಮ್ಮವರು ಹೆಮ್ಮೆಪಡ್ತಾರ. ಆದರೆ ಈಗ ಹೇಳಿದ ಅಟ್ಕಿನ್ಸನ್ ‘ಯೋಗಿ ರಾಮಚಾರಕ’ ಅನ್ನೋ ಹೆಸರಿಟ್ಟುಕೊಂಡು ಯೋಗದ ಪುಸ್ತಕಗಳನ್ನೂ ಬರೆದ. ಅಮೆರಿಕದವನೊಬ್ಬ ಭಾರತದ ಯೋಗಿಯ ವೇಷ ಹಾಕಿ ಬರೆದದ್ದು ಸುತ್ತು ಹೊಡೆದು ‘ನಮ್ಮ ಪ್ರಾಚೀನ ಜ್ಞಾನ’ ಆಗಿ ನಮ್ಮ ಮೊಬೈಲಿಗೆ ಬಂದಿದ್ದರೂ ಬಂದಿರಬಹುದು.

ಕನ್ನಡದಲ್ಲಿ ಇದಕ್ಕೆ ಯಾವ ಪದ ಬಳಸಬೇಕು ಅನ್ನೋದು ನನಗೆ ಬಹಳ ದಿನ ಕಾಡಿದ ಪ್ರಶ್ನೆ. ‘ಸಾಕಾರಗೊಳಿಸು’ ಅನ್ನಬಹುದು. ಕೆಲವರು ‘ಸಂಕಲ್ಪಶಕ್ತಿ’ ಅಂತಾರ. ಆದರೆ ಸಂಕಲ್ಪ ಅನ್ನೋದನ್ನು ನಾವು ನಿಜವಾಗಿ ಎಲ್ಲಿ ಬಳಸ್ತೀವಿ ನೋಡ್ರಿ. ಪೂಜೆಗೆ ಕೂತಾಗ ಪುರೋಹಿತರು ದೇಶ, ಕಾಲ, ಹೆಸರು ಹೇಳಿಸಿ ಸಂಕಲ್ಪ ಮಾಡಿಸ್ತಾರೆ. ಅದರ ಕೊನೆಯ ಪದ ‘ಕರಿಷ್ಯೇ’, ಅಂದರೆ ಮಾಡುತ್ತೇನೆ. ಫಲದ ಆಸೆ ಆ ವಾಕ್ಯದೊಳಗೆ ಇರುತ್ತದೆ, ಇಲ್ಲ ಅನ್ನೋದಿಲ್ಲ. ಆದರೂ ಕ್ರಿಯಾಪದ ಮಾಡುವವನದು. ‘ನನಗೆ ಸಿಕ್ಕಿದೆ’ ಅಂತ ವಹಿಯಲ್ಲಿ ಬರೆಯುವುದಕ್ಕೂ ‘ಮಾಡುತ್ತೇನೆ’ ಅಂತ ನೀರು ಬಿಡುವುದಕ್ಕೂ ನಡುವೆ ಇರುವ ಅಂತರವೇ ಈ ಪ್ರಬಂಧದ ವಿಷಯ ಅಂದರೂ ನಡೀತದ.

ಈ ಅಂತರವನ್ನು ಮನಃಶಾಸ್ತ್ರದವರು ಅಳೆದು ನೋಡಿದ್ದಾರೆ. ಗೇಬ್ರಿಯೆಲ್ ಓಟಿಂಗನ್ ಮತ್ತು ಡೋರಿಸ್ ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಎರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. ಕೆಲಸ ಸಿಕ್ಕಂತೆ ಸುಖವಾಗಿ ಕನಸು ಕಂಡವರು ಕಳಿಸಿದ ಅರ್ಜಿ ಕಡಿಮೆ, ಸಿಕ್ಕ ಅವಕಾಶ ಕಡಿಮೆ, ಸಂಬಳವೂ ಕಡಿಮೆ. ಆದರೆ ‘ನನಗೆ ಕೆಲಸ ಸಿಗುವ ಸಾಧ್ಯತೆ ಇದೆ’ ಅಂತ ನಿರೀಕ್ಷೆ ಇಟ್ಟುಕೊಂಡವರ ಪರಿಸ್ಥಿತಿ ಚೆನ್ನಾಗಿತ್ತು. ನಿರೀಕ್ಷೆ ಬೇರೆ, ಹಗಲುಗನಸು ಬೇರೆ. ನಿರೀಕ್ಷೆ ಇದ್ದವನು ಎದ್ದು ಹೋಗಿ ಅರ್ಜಿ ಹಾಕ್ತಾನೆ. ಕನಸಿನಲ್ಲೇ ಉಂಡವನಿಗೆ ಹಸಿವು ಕಡಿಮೆ ಆಗಿರ್ತದ. ಪಂಚತಂತ್ರದಲ್ಲಿ ಹಿಟ್ಟಿನ ಮಡಕೆಯನ್ನು ನೋಡುತ್ತಾ ಮಲಗಿದವನು ಕನಸಿನಲ್ಲೇ ಆಡು ಕೊಂಡು, ಆಕಳು ಕೊಂಡು, ಮದುವೆಯಾಗಿ, ಕೊನೆಗೆ ಕಾಲಿನಿಂದ ಮಡಕೆ ಒಡೆದುಕೊಂಡ ಕತೆ ನಮಗೆಲ್ಲ ಗೊತ್ತು. ಅವನ ದೃಶ್ಯಕಲ್ಪನೆಯಲ್ಲಿ ಏನೂ ಕೊರತೆ ಇರಲಿಲ್ಲ. ಈಗಿನ ತರಬೇತಿದಾರರು ಪೂರ್ತಿ ಅಂಕ ಕೊಡುತ್ತಿದ್ದರು.

ಹಾಗಾದರೆ ನಂಬಿಕೆ ಹೊರಗಿನ ಜಗತ್ತನ್ನು ಬದಲಿಸೋದೇ ಇಲ್ಲವೇ? ಬದಲಿಸುತ್ತದೆ, ಅದೂ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರ ಲೇಖನದಲ್ಲಿ ಒಂದು ಬ್ಯಾಂಕಿನ ಕತೆ ಕಟ್ಟಿ ಹೇಳ್ತಾನೆ. ಬ್ಯಾಂಕು ಗಟ್ಟಿಯಾಗಿಯೇ ಇದೆ. ಆದರೆ ಅದು ಮುಳುಗುತ್ತದೆ ಅಂತ ಗಾಳಿಮಾತು ಏಳುತ್ತದೆ. ನಂಬಿದವರು ದುಡ್ಡು ತೆಗೆಯಲು ಸಾಲು ನಿಲ್ಲುತ್ತಾರೆ. ಸಾಲು ನೋಡಿದವರು ಹೆದರಿ ಸಾಲಿಗೆ ಸೇರುತ್ತಾರೆ. ಸಂಜೆಯ ಹೊತ್ತಿಗೆ ಬ್ಯಾಂಕು ನಿಜಕ್ಕೂ ಮುಳುಗುತ್ತದೆ. ಬೆಳಿಗ್ಗೆ ಸುಳ್ಳಾಗಿದ್ದ ನಂಬಿಕೆ ಸಂಜೆಗೆ ಸತ್ಯ. ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಭವಿಷ್ಯವಾಣಿ ಅಂತ ಇದನ್ನು ಕನ್ನಡದಲ್ಲಿ ಹೇಳಬಹುದು. ಇಲ್ಲಿ ವಿಶ್ವಶಕ್ತಿಯ ಕಂಪನ ಗಿಂಪನ ಏನೂ ಬೇಕಾಗಿಲ್ಲ. ನಂಬಿಕೆ ಕಾಲಿಗೆ ಇಳಿಯಿತು, ಕಾಲು ಬ್ಯಾಂಕಿನ ಕಡೆ ನಡೆಯಿತು, ಅಷ್ಟೇ. ಮತ್ತೆ ಒಬ್ಬನೇ ನಂಬಿದ್ದರೆ ಏನೂ ಆಗುತ್ತಿರಲಿಲ್ಲ. ಊರೇ ನಂಬಿತು.

ರೋಸೆಂಥಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಶಾಲೆಯ ಪ್ರಯೋಗವೂ ಇದೇ ದಾರಿಯದು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳ ಬಗ್ಗೆ ‘ಇವರು ಈ ವರ್ಷ ಮುಂದೆ ಬರ್ತಾರೆ’ ಅಂತ ಶಿಕ್ಷಕರಿಗೆ ಹೇಳಿದರು. ಸಣ್ಣ ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಬಂದರು. ಆ ಪ್ರಯೋಗದ ಮೇಲೆ ಆಮೇಲೆ ಸಾಕಷ್ಟು ಟೀಕೆ ಬಂದಿದೆ, ಪರಿಣಾಮ ಅಷ್ಟು ದೊಡ್ಡದಲ್ಲ ಅಂತಲೂ ಹೇಳಿದ್ದಾರೆ. ನನಗೆ ಅದರಲ್ಲಿ ಮುಖ್ಯ ಅನಿಸೋದು ಬೇರೆ: ಅಲ್ಲಿ ನಂಬಿದ್ದು ಮಗು ಅಲ್ಲ, ಮೇಷ್ಟ್ರು. ಯಾರ ಕೈಯಲ್ಲಿ ಅಧಿಕಾರ ಇದೆಯೋ ಅವರ ನಂಬಿಕೆ ಬೇಗ ನಿಜವಾಗುತ್ತದೆ.

ಈಗ ನಮ್ಮ ಊರಿಗೆ ಬರ್ತೀನಿ. ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಭಾಷೆಯ ಆಧಾರದ ಮೇಲೆ ಹಂಚಿಹೋದಾಗ ಈ ಮೂರೂ ಮರಾಠವಾಡಕ್ಕೆ ಸೇರಿ ಉಸ್ಮಾನಾಬಾದ್ ಜಿಲ್ಲೆಗೆ ಬಂದವು. 1982ರಲ್ಲಿ ಲಾತೂರ ಜಿಲ್ಲೆ ಆಯಿತು. ಉಮರ್ಗಾ ಈಗಿನ ಧಾರಾಶಿವ ಜಿಲ್ಲೆಯಲ್ಲೇ ಉಳಿಯಿತು. ಹಳೆಯ ಕತೆ ಹೇಳೋದಾದರೆ ರಾಷ್ಟ್ರಕೂಟರು ತಮ್ಮ ಮೂಲ ಅಂತ ಹೇಳಿಕೊಂಡ ಲತ್ತಲೂರು ಇದೇ ಲಾತೂರು ಅಂತ ವಿದ್ವಾಂಸರು ಗುರುತಿಸ್ತಾರೆ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಗಡಿಯನ್ನು ಗೋದಾವರಿಗೆ ಇಟ್ಟಿದೆ. ನಾವು ಅದಕ್ಕಿಂತ ತೆಂಕಣದವರು. ಆದರೆ ಹಳೆಯ ಶಾಸನ ಇಟ್ಟುಕೊಂಡು ಇವತ್ತಿನ ಬಜಾರಿನಲ್ಲಿ ತರಕಾರಿ ಕೊಳ್ಳಲಿಕ್ಕೆ ಆಗೋದಿಲ್ಲ. ನಿಲಂಗಾದಲ್ಲಿ ಬಹುಜನರ ಭಾಷೆ ಮರಾಠಿ. ನಾನು ಕಲಿತದ್ದೂ ಮರಾಠಿ ಮಾಧ್ಯಮದಲ್ಲಿ. ಮರಾಠಿ ನನಗೆ ಪರಭಾಷೆ ಅಲ್ಲ, ಜಗಳವೂ ಇಲ್ಲ. ನನ್ನ ಮಾತು ಮನೆಯೊಳಗಿನ ಕನ್ನಡದ ಬಗ್ಗೆ.

ನಮ್ಮ ಕಡೆ ಕನ್ನಡ ಮನೆಗಳಲ್ಲಿ ಕೇಳಿಬರುವ ಒಂದು ಮಾತು: “ನಮ್ಮ ಕಾನಡಿ ಮನಿ ತನಕ ಅದ, ಹೊರಗ ಅದರದೇನು ಕೆಲಸ?” ಮತ್ತೊಂದು: “ಕೂಸಿನ ಸಂಗಟ ಮರಾಠಿ ಮಾತಾಡವ್ವಾ, ಇಲ್ಲಂದ್ರ ಸಾಲ್ಯಾಗ ಹಿಂದ ಬೀಳ್ತದ.” ಹೇಳುವವರು ಅಜ್ಜಿಯರೇ. ನಾವು ಆಯಿ ಅಂತೀವಿ. ಕೆಟ್ಟ ಮನಸ್ಸಿನಿಂದ ಹೇಳೋದಲ್ಲ, ಪ್ರೀತಿಯಿಂದ ಹೇಳ್ತಾರ. ಆದರೆ ಈ ಮಾತು ಮರ್ಟನ್ನನ ಬ್ಯಾಂಕಿನಂತೆ ಕೆಲಸ ಮಾಡುತ್ತದೆ. ಸೊಸೆ ಭಾಲ್ಕಿ ಕಡೆಯಿಂದ ಬಂದವಳು, ತವರಿನ ಕನ್ನಡವನ್ನು ಗಂಟು ಕಟ್ಟಿಟ್ಟು ಕೂಸಿನ ಜೊತೆ ಹರಕುಮುರುಕು ಮರಾಠಿ ಆಡ್ತಾಳೆ. ಕೂಸು ಆಯಿ ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲಿ ಉತ್ತರ ಕೊಡುತ್ತದೆ. ಹತ್ತು ವರ್ಷಕ್ಕೆ ಆ ಮನೆಯಲ್ಲಿ ಕನ್ನಡಕ್ಕೆ ಉಳಿಯುವ ಕೆಲಸ ಎರಡೇ: ಮುದುಕರ ಜೊತೆ ಮಾತಾಡೋದು, ಮಕ್ಕಳಿಗೆ ತಿಳೀಬಾರದ ಗುಟ್ಟು ಹೇಳೋದು. ಆಗ ಯಾರಾದರೂ ‘ನೋಡ್ರಿ, ಕನ್ನಡ ಎಲ್ಲಿ ಉಪಯೋಗಕ್ಕೆ ಬರ್ತದ?’ ಅಂತ ಕೇಳಿದರೆ ಅದು ವಾಸ್ತವವೇ. ನಂಬಿಕೆ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಬೆಳೆಸಿಕೊಂಡಿತು. ಪುಸ್ತಕ, ಪತ್ರಿಕೆ, ಅಂಗಡಿಯ ಫಲಕ, ಸರಕಾರಿ ಅರ್ಜಿ ಯಾವುದೂ ಕನ್ನಡದಲ್ಲಿ ಕಾಣದ ಊರಿನಲ್ಲಿ ಈ ನಂಬಿಕೆಗೆ ಗೊಬ್ಬರವೂ ಬೇಕಾದಷ್ಟು. ನಾನು ಕನ್ನಡ ಅಕ್ಷರ ಮೊದಲು ಓದಿದ್ದು ಬಸ್ ಸ್ಟ್ಯಾಂಡಿನಲ್ಲಿ, ಕರ್ನಾಟಕದ ಬಸ್ಸಿನ ಬೋರ್ಡಿನ ಮೇಲೆ. ‘ಭಾಲ್ಕಿ’ ಮತ್ತು ‘ಬಸವಕಲ್ಯಾಣ’. ಎರಡೂ ಬ-ಭ ದಿಂದ ಶುರುವಾಗೋದರಿಂದ ಬಹಳ ದಿನ ಗೊಂದಲ ಇತ್ತು.

ಇದಕ್ಕೆ ಎದುರಾಗಿ ಇಡಬೇಕಾದ ಇನ್ನೊಂದು ಪ್ರಸಂಗ ನಮ್ಮ ಹಿತ್ತಲಲ್ಲೇ ಇದೆ. ಉದಗೀರದಿಂದ ಬೀದರದ ಕಡೆ ರೈಲಿನಲ್ಲಿ ಹೊರಟರೆ ಗಡಿ ದಾಟಿದ ಮೇಲೆ ಕಮಲನಗರ, ಆಮೇಲೆ ಭಾಲ್ಕಿ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಕಮಲನಗರದಲ್ಲಿ ಹುಟ್ಟಿದವರು, ಶತಾಯುಷಿಗಳಾಗಿ 1999ರಲ್ಲಿ ಲಿಂಗೈಕ್ಯರಾದರು. ಜನ ಅವರನ್ನು ಇವತ್ತಿಗೂ ಕನ್ನಡದ ಪಟ್ಟದ್ದೇವರು ಅಂತಲೇ ಕರೀತಾರೆ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು, ಮೇಲಿನ ಓದಿನ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಅಂಥ ಕಾಲದಲ್ಲಿ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬೀದರ ಜಿಲ್ಲೆಯಲ್ಲಿ ಕನ್ನಡದ ಮಾತು ಬಂದಾಗಲೆಲ್ಲ ಈ ಪ್ರಸಂಗ ಬರುತ್ತದೆ. ನಾವೆಲ್ಲ ಕೇಳಿ ಕೇಳಿ ಅದನ್ನು ಬರೀ ಒಂದು ಜಾಣತನದ ಕತೆ ಮಾಡಿಬಿಟ್ಟಿದ್ದೀವಿ.

ನನಗೆ ಅದು ಮ್ಯಾನಿಫೆಸ್ಟೇಶನ್ ತತ್ವಕ್ಕೆ ಸಿಕ್ಕ ಅತ್ಯುತ್ತಮ ಉದಾಹರಣೆಯಂತೆಯೂ, ಅತ್ಯುತ್ತಮ ಖಂಡನೆಯಂತೆಯೂ ಕಾಣ್ತದ. ಹೊರಗಿನ ವಾಸ್ತವ ಉರ್ದು. ಒಳಗಿನ ನಂಬಿಕೆ ಕನ್ನಡ. ಕಾಲ ಕಳೆದಂತೆ ಒಳಗಿನದು ಹೊರಗೆ ಬಂತು. ಭಾಲ್ಕಿ, ಕಮಲನಗರದಲ್ಲಿ ಇವತ್ತು ಬೋರ್ಡೂ ಕನ್ನಡ, ಪಾಠವೂ ಕನ್ನಡ. ಇಲ್ಲಿಯ ತನಕ ಅದು ರೀಲ್ಸಿನ ತತ್ವವೇ. ಆದರೆ ನಡುವೆ ಏನಿತ್ತು ನೋಡ್ರಿ. ಪಟ್ಟದ್ದೇವರು ಹೊರಗಿನ ಬೋರ್ಡನ್ನು ‘ಇಲ್ಲ’ ಅಂತ ಕಲ್ಪಿಸಿಕೊಳ್ಳಲಿಲ್ಲ. ಅದು ಎಷ್ಟು ಬಲವಾಗಿದೆ ಅಂತ ಸರಿಯಾಗಿ ಅಳೆದು ಅದನ್ನೇ ಮರೆ ಮಾಡಿಕೊಂಡರು. ಒಳಗೆ ದಿನವೂ ಮಕ್ಕಳು ಬಂದು ಕೂರಬೇಕಿತ್ತು, ಮೇಷ್ಟ್ರು ಬೇಕಿತ್ತು, ಊಟಕ್ಕೆ ಜೋಳ ಬೇಕಿತ್ತು. ನಂಬಿಕೆಗೆ ಒಂದು ಕಟ್ಟಡ, ಒಂದು ವೇಳಾಪಟ್ಟಿ ಬೇಕಿತ್ತು. ಜೊತೆಗೆ 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಬೇಕಿತ್ತು, 1956ರಲ್ಲಿ ಭಾಲ್ಕಿ ಮೈಸೂರು ರಾಜ್ಯಕ್ಕೆ ಸೇರಬೇಕಿತ್ತು. ಅವೆರಡೂ ಯಾರೊಬ್ಬರ ಭಾವದಿಂದಷ್ಟೇ ಆದ ಕೆಲಸ ಅಲ್ಲ. ಅದೇ ಹಳೆಯ ಬೀದರ ಜಿಲ್ಲೆಯ ನಿಲಂಗಾದಲ್ಲಿ ಕನ್ನಡ ಮನೆಯೊಳಗೆ ಸರಿದದ್ದಕ್ಕೆ ಆಯಿಯ ಭಾವವೊಂದೇ ಕಾರಣ ಅಂದರೆ ಅದು ಆಯಿಗೆ ಮಾಡುವ ಅನ್ಯಾಯ. ಗೆರೆ ಎಳೆದವರು ಬೇರೆ. ಆದರೆ ಗೆರೆ ಎಳೆದ ಮೇಲೆ ಮನೆಯೊಳಗೆ ಏನು ಮಾಡಬೇಕು ಅನ್ನೋದು ಮನೆಯವರ ಕೈಯಲ್ಲಿತ್ತು. ನಂಬಿಕೆಯ ರಾಜ್ಯ ಅಷ್ಟೇ ಅಗಲ. ಅಷ್ಟಾದರೂ ಅದು ಸಣ್ಣದಲ್ಲ.

ವಚನಗಳಿಗೆ ಬರದೆ ಈ ವಿಷಯ ಮುಗಿಯೋದಿಲ್ಲ. ಕಲ್ಯಾಣ ನಮಗೆ ಒಂದು ಬಸ್ಸಿನ ದೂರ. ಶರಣರ ಚಿಂತನೆಯಲ್ಲಿ ಒಳಗಿನದು ಹೊರಗೆ ರೂಪ ತಾಳುವ ಒಂದು ಸ್ಪಷ್ಟ ಕ್ರಮವೇ ಇದೆ: ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗ. ಕಣ್ಣಿಗೆ ಕಾಣದ್ದು ಗುರುವಿನ ಮೂಲಕ ಅಂಗೈ ಮೇಲೆ ಬಂದು ಕೂರುತ್ತದೆ. ‘ಸಾಕಾರ’ ಅನ್ನೋ ಪದಕ್ಕೆ ನಮ್ಮ ಕಡೆ ಇದಕ್ಕಿಂತ ಖಚಿತವಾದ ಅರ್ಥ ಸಿಗಲಿಕ್ಕಿಲ್ಲ. ಆದರೆ ಅಂಗೈಯಲ್ಲಿ ಬಂದದ್ದು ಬಯಸಿದ ವಸ್ತು ಅಲ್ಲ. ಅದನ್ನು ನೋಡುತ್ತಾ ನೋಡುತ್ತಾ ಬದಲಾಗಬೇಕಾದವನು ನೋಡುವವನೇ. ಮಾಯೆ ಹೊನ್ನು, ಹೆಣ್ಣು, ಮಣ್ಣಿನಲ್ಲಿಲ್ಲ, ಮನಸ್ಸಿನ ಮುಂದಿನ ಆಸೆಯಲ್ಲಿದೆ ಅನ್ನೋ ಅರ್ಥದ ಅಲ್ಲಮನ ಮಾತನ್ನು ನಾವು ಮೊದಲ ಸೆಮಿಸ್ಟರಿನಲ್ಲೇ ಓದಿದ್ದೀವಿ. ಹೊರಗಿನ ಜಗತ್ತು ಒಳಗಿನಿಂದ ಹುಟ್ಟುತ್ತದೆ ಅಂತ ಅಲ್ಲಮನೂ ಒಪ್ಪುತ್ತಾನೆ. ಅದರಿಂದ ಅವನು ತೆಗೆಯುವ ತೀರ್ಮಾನ ಮಾತ್ರ ಪೂರ್ತಿ ಉಲ್ಟಾ.

ಇದರ ಅತ್ಯಂತ ಚೆಂದದ ಪ್ರಸಂಗ ಆಯ್ದಕ್ಕಿ ಲಕ್ಕಮ್ಮನದು. ಲಕ್ಕಮ್ಮ, ಮಾರಯ್ಯ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು, ಮಾರಯ್ಯ ಹೆಚ್ಚೇ ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇಷ್ಟು ಯಾಕೆ ತಂದಿ, ಈ ಆಸೆ ಯಾರದು ಅಂತ ಕೇಳಿ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಅಂತ ಕಳಿಸಿದಳು. ಈಗಿನ ಭಾಷೆಯಲ್ಲಿ ಹೇಳೋದಾದರೆ ವಿಶ್ವವೇ ಸಮೃದ್ಧಿಯನ್ನು ಮನೆ ಬಾಗಿಲಿಗೆ ಕಳಿಸಿತ್ತು, ಲಕ್ಕಮ್ಮ ಪಾರ್ಸೆಲ್ ವಾಪಸ್ ಮಾಡಿದಳು. ಅವಳಿಗೆ ಒಳಗು ಹೊರಗಿನ ಸಂಬಂಧ ಗೊತ್ತಿರಲಿಲ್ಲ ಅನ್ನೋಕಾಗೋದಿಲ್ಲ. ಮೊರದಲ್ಲಿ ಹೆಚ್ಚು ಕಂಡ ಅಕ್ಕಿಯಿಂದ ಗಂಡನ ಮನಸ್ಸಿನಲ್ಲಿ ಹೆಚ್ಚಾದದ್ದನ್ನು ಓದಿದಳಲ್ಲ! ಮ್ಯಾನಿಫೆಸ್ಟೇಶನ್‌ನವರು ಒಳಗಿನಿಂದ ಹೊರಗನ್ನು ತರಲು ನೋಡ್ತಾರೆ. ಲಕ್ಕಮ್ಮ ಹೊರಗನ್ನು ಹಿಡಿದು ಒಳಗನ್ನು ತಪಾಸಣೆ ಮಾಡ್ತಾಳೆ.

ಹಾಗಂತ ಶರಣರು ಹೊರಗನ್ನು ಬದಲಿಸಲು ಹೋಗಲಿಲ್ಲ ಅಂತಲ್ಲ. ಹುಟ್ಟಿನಿಂದ ಮೇಲು ಕೀಳು ಇಲ್ಲ ಅನ್ನೋ ಒಳಗಿನ ನಂಬಿಕೆ ಕಲ್ಯಾಣದಲ್ಲಿ ಒಂದು ಮದುವೆಯಾಗಿ ಹೊರಗೆ ಬಂತು. ಸಮಗಾರ ಹರಳಯ್ಯನ ಮಗನಿಗೆ, ಬ್ರಾಹ್ಮಣನಾಗಿದ್ದ ಮಧುವರಸನ ಮಗಳು. ಅದರ ಫಲ ಏನಾಯಿತು? ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಪರಂಪರೆ ಹೇಳುತ್ತದೆ. ಶರಣರು ಕಲ್ಯಾಣ ಬಿಟ್ಟು ಚದುರಿದರು. ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು. ಆಕರ್ಷಣೆಯ ನಿಯಮದ ಪುಸ್ತಕಗಳಲ್ಲಿ ಬಿಜ್ಜಳನಿಗೆ ಜಾಗವೇ ಇಲ್ಲ. ಅಲ್ಲಿ ನಾನು ಮತ್ತು ವಿಶ್ವ ಇಬ್ಬರೇ ಇರ್ತೀವಿ, ನಡುವೆ ಇನ್ನೊಬ್ಬ ಮನುಷ್ಯ ಇಲ್ಲ. ನನ್ನ ನಂಬಿಕೆ ಹೊರಗೆ ಬರಲು ಹೊರಟಾಗ ಅಲ್ಲಿ ಆಗಲೇ ಇನ್ನೊಬ್ಬನ ನಂಬಿಕೆ ಕಟ್ಟಡ ಕಟ್ಟಿಕೊಂಡು, ಕಾವಲು ಇಟ್ಟುಕೊಂಡು ಕೂತಿರ್ತದ. ಹರಳಯ್ಯನ ಭಾವದಲ್ಲಿ ಕೊರತೆ ಇತ್ತು, ಅದಕ್ಕೇ ಹಾಗಾಯಿತು ಅಂತ ಯಾರಾದರೂ ಹೇಳಬಲ್ಲರೇ?

ಹೇಳಬೇಕಾಗುತ್ತದೆ, ಆ ತರ್ಕವನ್ನು ಕೊನೆಯ ತನಕ ಒಯ್ದರೆ. ಇದಕ್ಕೆ ನಮ್ಮ ಕಡೆಯವರು ಕೊಡುವ ಹೆಸರು ಕಿಲ್ಲಾರಿ. 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10,000 ಮಂದಿ ಸತ್ತರು. ನಾನು ಆಗ ಹುಟ್ಟಿರಲಿಲ್ಲ, ಆದರೆ ಆ ರಾತ್ರಿಯ ಮಾತು ಕೇಳದೆ ನಮ್ಮ ಕಡೆ ಯಾವ ಮಗುವೂ ದೊಡ್ಡದಾಗಿಲ್ಲ. ಹಿಂದಿನ ವರ್ಷವೇ ಕಿಲ್ಲಾರಿ ಕಡೆ ಸಣ್ಣ ನಡುಕಗಳು ಆಗಿದ್ದವು, ಜನರಲ್ಲಿ ಭಯ ಇತ್ತು. ಭಯಪಟ್ಟದ್ದಕ್ಕೇ ಅದನ್ನು ಕರೆದುಕೊಂಡರು ಅಂತ ಹೇಳುವ ಧೈರ್ಯ ಯಾವ ತರಬೇತಿದಾರನಿಗಾದರೂ ಇದ್ದರೆ ಅವನು ಬಂದು ಇಲ್ಲಿ ಹೇಳಲಿ. ಭಯ ಸರಿಯಾಗಿತ್ತು, ತಪ್ಪಿದ್ದು ನೆಮ್ಮದಿ. ಆಗಿನ ಅಧಿಕೃತ ನಕ್ಷೆಯಲ್ಲಿ ಈ ಪ್ರದೇಶ ಭೂಕಂಪದ ಅಪಾಯ ಅತ್ಯಂತ ಕಡಿಮೆ ಇರುವ ಮೊದಲನೆಯ ವಲಯದಲ್ಲಿತ್ತು.

ಅದೇ ಕಿಲ್ಲಾರಿ ನಂಬಿಕೆಯ ಶಕ್ತಿಗೂ ಸಾಕ್ಷಿ. ಭೂಕಂಪಕ್ಕೆ ಮೊದಲು ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೊದಿಸಿದ ಭಾರದ ಮಾಳಿಗೆ ಅಂದರೆ ಗಟ್ಟಿ ಮನೆ, ದೊಡ್ಡ ಮನೆತನ. ಮಣ್ಣಿನಲ್ಲಿ ಕಟ್ಟಿದ ಆ ಕಲ್ಲುಗಳೇ ಜನರ ಮೇಲೆ ಬಿದ್ದವು. ಆಮೇಲೆ ಕಲ್ಲು ಅಂದರೆ ಸಾವು ಅನ್ನೋ ನಂಬಿಕೆ ಬಂತು. ನಿಂತಿದ್ದ ಮನೆಯವರೂ ಒಳಗೆ ಮಲಗಲು ಹೆದರಿ ಹೊರಗೆ ಪತ್ರಾಸಿನ ಶೆಡ್ಡಿನಲ್ಲಿ ಮಲಗಿದರು. 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದಾಗ ಊರಿನ ರೂಪವೇ ಬೇರೆಯಾಯಿತು, ಸಿಮೆಂಟು ಬಂತು. ಸರಿಯಾಗಿ ಕಟ್ಟಿದರೆ ಕಲ್ಲೂ ತಡೆಯುತ್ತದೆ ಅಂತ ಇಂಜಿನಿಯರುಗಳು ಹೇಳಿದರೂ ಕಲ್ಲಿನ ಮೇಲಿನ ಭರವಸೆ ಮೊದಲಿನಂತೆ ಮರಳಲಿಲ್ಲ. ಮನಸ್ಸು ನೆಲವನ್ನು ಅಲುಗಿಸಲಿಲ್ಲ. ನೆಲ ಅಲುಗಿದ ಮೇಲೆ ಅದರ ಮೇಲೆ ಏನು ಏಳಬೇಕು ಅನ್ನೋದನ್ನು ಮಾತ್ರ ಮನಸ್ಸೇ ಬಹುಪಾಲು ತೀರ್ಮಾನಿಸಿತು. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಲು ಬರದ ತತ್ವವನ್ನು ನಾನು ಒಪ್ಪಲಾರೆ.

ಇಷ್ಟು ನನ್ನ ಮಂಡನೆ. ಇನ್ನು ಪ್ರಶ್ನೆಗಳು.

ಚಾಟ್‌ನಲ್ಲಿ ಬಂದ ಮೊದಲ ಪ್ರಶ್ನೆ: ವಹಿಯಲ್ಲಿ ಬರೆದರೆ ಧೈರ್ಯ ಬರ್ತದ, ಅದನ್ನೂ ಬೇಡ ಅಂತೀರಾ?

ಬೇಡ ಅನ್ನೋದಿಲ್ಲ. ಮನಸ್ಸಿದ್ದರೆ ಮಾರ್ಗ ಅನ್ನೋ ಗಾದೆ ನಮ್ಮಲ್ಲೂ ಇದೆ, ಆದರೆ ಅದರಲ್ಲಿ ಮಾರ್ಗ ಅನ್ನೋ ಪದ ಇದೆ, ಗುರಿ ಅನ್ನೋ ಪದ ಇಲ್ಲ. ಓಟಿಂಗನ್ ಅವರೇ ಸೂಚಿಸುವ ದಾರಿ ಒಂದಿದೆ: ಬೇಕಾದದ್ದನ್ನು ಕಲ್ಪಿಸಿಕೊಂಡ ಮೇಲೆ ಅಲ್ಲೇ ಸುಖವಾಗಿ ಕೂರದೆ, ತಕ್ಷಣ ನನ್ನೊಳಗಿನ ಅಡ್ಡಿ ಏನು ಅಂತ ನೋಡಬೇಕು, ಆ ಅಡ್ಡಿ ಎದುರಾದರೆ ಏನು ಮಾಡ್ತೀನಿ ಅಂತ ಮೊದಲೇ ತೀರ್ಮಾನಿಸಬೇಕು. ವಹಿ ಅದೇ ಇರಲಿ. ‘ಸಿಕ್ಕಿದೆ’ ಅಂತ 18 ಸಲ ಬರೆಯೋ ಜಾಗದಲ್ಲಿ, ಪತ್ರಿಕೆ ಎರಡರಲ್ಲಿ ನನಗೆ ಛಂದಸ್ಸು ಬರೋದಿಲ್ಲ, ರಾತ್ರಿ ಊಟ ಆದ ಮೇಲೆ ಮೊಬೈಲ್ ತೆಗೆಯೋ ಮೊದಲು ಒಂದು ಪದ್ಯಕ್ಕೆ ಪ್ರಸ್ತಾರ ಹಾಕ್ತೀನಿ ಅಂತ ಬರೀಬಹುದು.

ಎರಡನೆಯದು ಗುರುಗಳು ಕೇಳಿದ್ದು: ನಿಲಂಗಾದ ಮನೆಗಳಲ್ಲಿ ಆ ನಂಬಿಕೆ ಈಗ ಬದಲಾಗುವ ಲಕ್ಷಣ ಏನಾದರೂ ಇದೆಯೇ?

ದೊಡ್ಡದಾಗಿ ಹೇಳುವಂಥದ್ದು ಇಲ್ಲ ಸರ್. ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ, ಅಲ್ಲಿಯ ಮಾತೇ ಬೇರೆ. ನಮ್ಮ ಓಣಿಯಲ್ಲಿ ಐದು ಮಕ್ಕಳು ರವಿವಾರ ನಮ್ಮ ಮನೆಗೆ ಬರ್ತಾರ. ಅವರ ತಾಯಂದಿರು ಕಳಿಸೋದು ಭಾಷಾಪ್ರೇಮದಿಂದ ಅಲ್ಲ. ಭಾಲ್ಕಿಯ ಅಜ್ಜಿ ಮನೆಗೆ ಹೋದಾಗ ಮಕ್ಕಳಿಗೆ ಅಂಗಡಿಯ ಹೆಸರು ಓದಲಿಕ್ಕೆ ಬರೋದಿಲ್ಲ ಅಂತ ಅಲ್ಲಿ ನಗ್ತಾರಂತ, ಅದಕ್ಕ. ಕಾರಣ ಏನೇ ಇರಲಿ, ಬರ್ತಾರಲ್ಲ. ‘ಳ’ ಬೇಗ ಬಂತು, ಮರಾಠಿಯಲ್ಲೂ ಆ ಅಕ್ಷರ ಇದೆ. ಎ-ಏ, ಒ-ಓ ಜೋಡಿ ಮರಾಠಿಯಲ್ಲಿ ಇಲ್ಲದ್ದರಿಂದ ಅಲ್ಲಿ ಇನ್ನೂ ಒದ್ದಾಡ್ತಿದ್ದಾರ. ಹೋದ ವಾರ ಒಬ್ಬಳು ‘ಎಳು’ ಅಂತ ಬರೆದು ತಂದಳು. ಸಂಖ್ಯೆಯೋ, ಎದ್ದೇಳು ಅನ್ನೋದೋ ಅಂತ ಕೇಳಿದೆ. “ಎರಡೂ” ಅಂದಳು.